ಹಳೆಯ ಆವೃತ್ತಿಯ ಸಣ್ಣ ದೋಷ: ತಿದ್ದಬೇಕೆ, ಬಿಡಬೇಕೆ?

ನಾವು ಪಾಠ ಹೇಳುವ ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯಲ್ಲಿ ಲಾಗರಿದಮ್ ಕೋಷ್ಟಕದ ಒಂದು ಹಳೆಯ ಪುಸ್ತಕವಿದೆ. ರಟ್ಟು ಹರಿದು, ಅಂಚು ಮಾಸಿ, ಅದು ಎಷ್ಟು ತಂಡ ವಿದ್ಯಾರ್ಥಿಗಳ ಕೈ ದಾಟಿ ಬಂದಿದೆಯೋ ಹೇಳುವುದು ಕಷ್ಟ. ಅದರ ಪುಟವೊಂದರಲ್ಲಿ 3 ಇರಬೇಕಾದ ಕಡೆ 8 ಅಚ್ಚಾಗಿದೆ. ಯಾರೋ ಪುಣ್ಯಾತ್ಮರು ಪೆನ್ಸಿಲಿನಿಂದ ಅದನ್ನು ತಿದ್ದಿ, ಮುಂದೆ ಬರುವವರಿಗೆ ಉಪಕಾರ ಮಾಡಿದ್ದಾರೆ. ಇನ್ನೊಂದು ಪುಟದಲ್ಲಿಯೂ ಪೆನ್ಸಿಲಿನ ತಿದ್ದುಪಡಿಯೊಂದುಂಟು. ಆದರೆ ಅಲ್ಲಿ ಅಚ್ಚಾಗಿದ್ದ ಅಂಕಿಯೇ ಸರಿ, ತಿದ್ದಿದುದೇ ತಪ್ಪು! ಎರಡೂ ಸದುದ್ದೇಶದಿಂದ ಮಾಡಿದ ತಿದ್ದುಪಡಿಗಳೇ. ಎರಡೂ ಒಂದೇ ಕೈಯವೆಂದು ನಮ್ಮ ಗುಮಾನಿ.

ಈ ಪುಸ್ತಕ ನಮ್ಮ ನೆನಪಿಗೆ ಬಂದುದು ಕಂಪ್ಯೂಟರಿನ ಒಂದು ತಂಟೆಯಿಂದ. ತಂತ್ರಾಂಶವೊಂದರ ಹಳೆಯ ಆವೃತ್ತಿಯಲ್ಲಿ ಸಣ್ಣದೊಂದು ದೋಷ ಕಂಡುಬರುತ್ತದೆ. ಹೊಸ ಆವೃತ್ತಿ ಆಗಲೇ ಬಂದಿದೆ. ಅದರಲ್ಲಿ ಆ ದೋಷವಿಲ್ಲ. ಹೀಗಿರಲು ಹಳೆಯದನ್ನೂ ತಿದ್ದಿ ಬಳಕೆದಾರರೆಲ್ಲರಿಗೆ ಅಪ್‌ಡೇಟ್ ಕಳುಹಿಸಬೇಕೆ? ಇಲ್ಲವೆ, ಇದ್ದಷ್ಟು ದಿನ ಇರಲೆಂದು ಸುಮ್ಮನಿರಬೇಕೆ? ಮೇಲುನೋಟಕ್ಕೆ ಇದು ಕೆಲವೇ ತಜ್ಞರು ತಮ್ಮತಮ್ಮೊಳಗೆ ಬಗೆಹರಿಸಿಕೊಳ್ಳತಕ್ಕ ಪ್ರಶ್ನೆಯೆಂದು ತೋರಬಹುದು. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂತಹ ಊರುಗಳಲ್ಲಿ ಓದುವ ವಿದ್ಯಾರ್ಥಿಗಳಿಗೆ ಇದು ನೇರವಾಗಿ ತಟ್ಟುವ ಪ್ರಶ್ನೆ. ಏಕೆಂದರೆ ಹಳೆಯ ಆವೃತ್ತಿಗಳು ಬಹುಕಾಲ ಉಳಿಯುವುದು ಇಂತಹ ಊರುಗಳ ಶಾಲೆ ಕಾಲೇಜುಗಳಲ್ಲಿಯೇ.

ಮೊದಲು 'ಪ್ಯಾಕೇಜು' ಎಂದರೇನೆಂಬುದನ್ನು ಹೇಳಿಬಿಡಬೇಕು. ಡೆಬಿಯನ್, ಉಬುಂಟು ಮೊದಲಾದ ಲಿನಕ್ಸ್ ವಿತರಣೆಗಳಲ್ಲಿ ತಂತ್ರಾಂಶವನ್ನು ಬರೆಯುವವರೇ ಬೇರೆ, ಅದನ್ನು ಕಟ್ಟಿ ಬಳಕೆದಾರನಿಗೆ ತಲಪಿಸುವವರೇ ಬೇರೆ. ಕಟ್ಟಿನೊಳಗೆ ಕಾರ್ಯಕ್ರಮದ ಜೊತೆಗೆ ಒಂದು ವಿವರಪಟ್ಟಿಯೂ ಇರುತ್ತದೆ. ಹೆಸರೇನು, ಎಷ್ಟನೆಯ ಆವೃತ್ತಿ, ಯಾವ ಕಡತ ಎಲ್ಲಿ ಹೋಗಿ ಕೂರಬೇಕು, ಇದು ಕೆಲಸ ಮಾಡಲು ಇನ್ನಾವ ಪ್ಯಾಕೇಜುಗಳು ಬೇಕು ಎಂಬುದೆಲ್ಲ ಅದರಲ್ಲಿ ನಮೂದಾಗಿರುತ್ತದೆ. ಈ ಕೊನೆಯ ಬಾಬಿನಲ್ಲಿ ಮೂರು ದರ್ಜೆಗಳುಂಟು. ಇಲ್ಲದಿದ್ದರೆ ನಡೆಯಲೇ ಆಗದು ಎಂಬಂಥವು 'ಅವಲಂಬನೆ'ಗಳು. ಹೆಚ್ಚಿನವರಿಗೆ ಬೇಕಾಗುವಂಥವು 'ಶಿಫಾರಸು'ಗಳು. ಕೆಲವರಿಗೆ ಬೇಕಾದೀತು ಎಂಬಂಥವು ಬರಿಯ 'ಸೂಚನೆ'ಗಳು. ಮೊದಲೆರಡು ದರ್ಜೆಯವನ್ನು ಕಂಪ್ಯೂಟರ್ ಸಾಮಾನ್ಯವಾಗಿ ತಾನೇ ತರಿಸಿಕೊಳ್ಳುತ್ತದೆ. ಮೂರನೆಯದನ್ನು ಹೆಸರಿಸಿ ಸುಮ್ಮನಾಗುತ್ತದೆ. ಕಾರ್ಯಕ್ರಮದ ಒಳಗೆ ಎಳ್ಳಷ್ಟೂ ತಪ್ಪಿಲ್ಲದೆ, ಈ ಪಟ್ಟಿಯಲ್ಲಿ ಒಂದು ಹೆಸರು ತಪ್ಪು ದರ್ಜೆಗೆ ಸೇರಿದರೂ ಬಳಕೆದಾರನಿಗೆ ತೊಂದರೆಯಾಗಬಹುದು. ಇದೇ ಕಟ್ಟುವಿಕೆಯ ದೋಷ. ಮದುವೆಮನೆಗೆ ಕಳುಹಿಸಿದ ಸಾಮಾನಿನಲ್ಲಿ ಎಲ್ಲವೂ ಇದ್ದು, ಉಪ್ಪಿನ ಪೊಟ್ಟಣವೊಂದು ಅಂಗಡಿಯಲ್ಲಿಯೇ ಉಳಿದಂತೆ.

ನಮಗೆ ಎದುರಾದುದು ಅಂತಹ ದೋಷವೇ. ವಿತರಣೆಯ ಹೆಸರೂ ಕಾರ್ಯಕ್ರಮದ ಹೆಸರೂ ಇಲ್ಲಿ ಬೇಡ. ಸರಳ ಲೋಲಕದ ಪ್ರಯೋಗ ಮಾಡಿದ ವಿದ್ಯಾರ್ಥಿಗಳು, ದಾರದ ಉದ್ದಕ್ಕೆ ಎದುರಾಗಿ ಆವರ್ತಕಾಲದ ವರ್ಗವನ್ನು ಗುರುತಿಸಿ ರೇಖೆ ಎಳೆದು, ಅದರ ಇಳಿಜಾರಿನಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುತ್ತಾರಷ್ಟೆ. ಆ ರೇಖಾಚಿತ್ರವನ್ನು ಕಂಪ್ಯೂಟರಿನಲ್ಲಿಯೂ ಬರೆಯಲೆಂದು ನಾವು ಒಂದು ಪುಟ್ಟ ಕಾರ್ಯಕ್ರಮವನ್ನು ಅಭ್ಯಾಸ ಮಾಡಿಸಿದ್ದೆವು. ಜಗಳೂರಿನ ಕಡೆಯ ಹಳ್ಳಿಯಿಂದ ಬಂದು, ಹಾಸ್ಟೆಲಿನಲ್ಲಿದ್ದು ಓದುವ ಒಬ್ಬ ಬಿ.ಎಸ್‌ಸಿ. ವಿದ್ಯಾರ್ಥಿ ದಸರಾ ರಜೆಯಲ್ಲಿ ಊರಿಗೆ ಹೋದಾಗ, ಅಣ್ಣನ ಹಳೆಯ ಕಂಪ್ಯೂಟರಿನಲ್ಲಿ ಚಿತ್ರ ಬರೆದನು. ಚಿತ್ರ ಚೆನ್ನಾಗಿಯೇ ಬಂದಿತು. ಪಿಡಿಎಫ್ ಆಗಿ ಉಳಿಸಲೆಂದು ಗುಂಡಿ ಒತ್ತಿದರೆ ಏನೂ ಆಗಲಿಲ್ಲ. ತಪ್ಪಾಯಿತೆಂಬ ಸಂದೇಶವೂ ಇಲ್ಲ, ಕಡತವೂ ಇಲ್ಲ. ಬಡಪಾಯಿ ಮೂರು ಸಲ ಮೊದಲಿನಿಂದ ಚಿತ್ರ ಬರೆದನಂತೆ. ರಜೆ ಮುಗಿಸಿ ಬಂದವನು ನಮ್ಮ ಮುಂದೆ ನಿಂತು, "ಸಾರ್, ನನಗೆ ಕಂಪ್ಯೂಟರ್ ಬರೋದಿಲ್ಲ ಅನ್ಸುತ್ತೆ, ರೆಕಾರ್ಡಿನಲ್ಲಿ ಕೈಯಲ್ಲೇ ಬರ್ಕೊಂಡ್ ಬಂದಿದೀನಿ" ಎಂದನು.

ಆ ಮಾತು ನಮ್ಮನ್ನು ಬಹಳ ಹೊತ್ತು ಬಿಡಲಿಲ್ಲ. ಪ್ರಯೋಗಶಾಲೆಯ ಕಂಪ್ಯೂಟರನ್ನು ಪರೀಕ್ಷಿಸಿ ನೋಡಲಾಗಿ ಕಾರಣ ತಿಳಿಯಿತು. ಪಿಡಿಎಫ್ ಬರೆಯಲು ಬೇಕಾದ ಇನ್ನೊಂದು ಪ್ಯಾಕೇಜು 'ಶಿಫಾರಸು'ಗಳ ಸಾಲಿನಲ್ಲಿ ಇರಬೇಕಾಗಿದ್ದುದು 'ಸೂಚನೆ'ಗಳ ಸಾಲಿನಲ್ಲಿ ಸೇರಿಹೋಗಿದ್ದಿತು. ಒಂದು ಹೆಸರನ್ನು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ದಾಟಿಸಿದರೆ ಸಾಕು. ನಾವು ಉತ್ಸಾಹದಿಂದ ಆ ಪ್ಯಾಕೇಜಿನ ನಿರ್ವಾಹಕರಿಗೆ ಬರೆದೆವು. ನಾಲ್ಕೈದು ದಿನಗಳಲ್ಲಿ ಬಹು ಸೌಜನ್ಯದ ಉತ್ತರ ಬಂದಿತು: ಹೊಸ ಆವೃತ್ತಿಯಲ್ಲಿ ಇದನ್ನು ಸರಿಪಡಿಸಲಾಗಿದೆ, ಹಳೆಯದರಲ್ಲಿ ಒಂದೇ ಆಜ್ಞೆಯಿಂದ ಆ ಇನ್ನೊಂದು ಪ್ಯಾಕೇಜನ್ನು ಹಾಕಿಕೊಳ್ಳಬಹುದು, ಆದುದರಿಂದ ಅಪ್‌ಡೇಟ್ ಕೊಡುವಷ್ಟು ದೊಡ್ಡ ದೋಷ ಇದಲ್ಲ.

ನಮಗೆ ಕೋಪ ಬಂದಿತೆಂದು ಒಪ್ಪಿಕೊಳ್ಳಬೇಕು. ಒಂದು ಸಾಲು ತಿದ್ದುವುದಕ್ಕೆ ಇಷ್ಟು ಹಿಂಜರಿಕೆಯೆ? ಆದರೆ ಕೋಪವಿಳಿದ ಮೇಲೆ, ಅವರು ಹಿಂಜರಿಯುವುದೇಕೆಂದು ತಿಳಿಯಲು ಯತ್ನಿಸಿದೆವು. ತಿಳಿದಷ್ಟೂ ಅವರ ಮೇಲಿನ ಗೌರವ ಹೆಚ್ಚಿತು. ನಮ್ಮ ಆಕ್ಷೇಪಣೆ ಮಾತ್ರ ಪೂರ್ತಿಯಾಗಿ ಕರಗಲಿಲ್ಲ.

ಅಚ್ಚುಕೂಟದ ಕೆಲಸವನ್ನು ಬಲ್ಲವರಿಗೆ ಈ ಹಿಂಜರಿಕೆ ಬೇಗ ಅರ್ಥವಾಗುತ್ತದೆ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಬಿಗಿದ ಪುಟವನ್ನು ಬಿಚ್ಚಿ ಒಂದು ಅಕ್ಷರವನ್ನು ಬದಲಾಯಿಸಹೊರಟರೆ ಪಕ್ಕದ ಎರಡು ಮೊಳೆಗಳು ಉದುರುವ ಭಯವಿರುತ್ತಿತ್ತು. ಅದಕ್ಕಾಗಿಯೇ ಜಾಣ ಮುದ್ರಕರು ಎಷ್ಟೋ ವೇಳೆ ಪುಟವನ್ನು ಮುಟ್ಟದೆ, ಕೊನೆಗೆ ಒಂದು ತಪ್ಪೊಪ್ಪೋಲೆಯನ್ನು ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದರು. ಪ್ಯಾಕೇಜಿನದೂ ಇದೇ ಕಥೆ. ತಿದ್ದುವುದು ಒಂದು ಸಾಲಾದರೂ, ಕಟ್ಟನ್ನು ಪೂರ್ತಿಯಾಗಿ ಬಿಚ್ಚಿ ಮತ್ತೆ ಕಟ್ಟಬೇಕು. ಮತ್ತೆ ಕಟ್ಟುವ ಉಪಕರಣಗಳು ಮೊದಲ ಸಲ ಕಟ್ಟಿದಾಗ ಇದ್ದಂತೆಯೇ ಇರುತ್ತವೆಂಬ ಭರವಸೆಯಿಲ್ಲ. ಹೀಗೆ ಕಟ್ಟಿದುದು ಲಕ್ಷಾಂತರ ಕಂಪ್ಯೂಟರುಗಳಿಗೆ ಹೋಗುತ್ತದೆ. ಅವುಗಳಲ್ಲಿ ಬಹುಪಾಲು ಯಾವ ತೊಂದರೆಯೂ ಇಲ್ಲದೆ ನಡೆಯುತ್ತಿದ್ದಂಥವು ಎಂಬುದನ್ನು ಮರೆಯಬಾರದು. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದಂತಹ ಹಳೆಯ ಕೆರೆಯ ಏರಿಯ ಮೇಲೆ ಗಿಡವೊಂದು ಬೆಳೆದಿದ್ದರೆ, ತಿಳಿದವರು ಅದನ್ನು ಬುಡಸಮೇತ ಎಳೆದುಹಾಕಲು ಮುಂದಾಗುವುದಿಲ್ಲ; ಬೇರಿದ್ದ ಜಾಗದಲ್ಲಿ ನೀರು ದಾರಿ ಮಾಡಿಕೊಂಡೀತೆಂದು ಮೊದಲು ಯೋಚಿಸುತ್ತಾರೆ.

ಒಂದೆರಡು ಸಾಲುಗಳ ಬದಲಾವಣೆ ಎಷ್ಟು ಅನರ್ಥವನ್ನು ಮಾಡಬಲ್ಲುದೆಂಬುದಕ್ಕೆ ಪ್ರಸಿದ್ಧವಾದ ಒಂದು ನಿದರ್ಶನವುಂಟು. 2006ರ ಸೆಪ್ಟೆಂಬರಿನಲ್ಲಿ ಡೆಬಿಯನ್ ವಿತರಣೆಯ 'ಓಪನ್ ಎಸ್‌ಎಸ್‌ಎಲ್' ಎಂಬ ಪ್ಯಾಕೇಜಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರು. ಜಾಲದ ಮೇಲೆ ಗುಟ್ಟಾಗಿ ಸಂದೇಶ ಕಳುಹಿಸಲು ಬೇಕಾದ ಕೀಲಿಗಳನ್ನು ತಯಾರಿಸುವ ತಂತ್ರಾಂಶ ಅದು. ಕೀಲಿಯ ಭದ್ರತೆಯೆಲ್ಲ ಅದನ್ನು ಊಹಿಸಲಾಗದಿರುವುದರಲ್ಲಿಯೇ ಇದೆ. ಅದಕ್ಕಾಗಿ ಕಾರ್ಯಕ್ರಮವು ಅಲ್ಲಿಂದ ಇಲ್ಲಿಂದ ಯಾದೃಚ್ಛಿಕ ಅಂಕಿಗಳನ್ನು ಕಲೆಹಾಕಿ ಕಲಸುತ್ತದೆ. ನೆನಪುಕೋಶದ ತಪ್ಪುಗಳನ್ನು ಹುಡುಕುವ ಇನ್ನೊಂದು ಉಪಕರಣ ಈ ಕಲಸುವಿಕೆಯ ಬಗ್ಗೆ ಗೊಣಗುತ್ತಿದ್ದಿತು. ಗೊಣಗಾಟವನ್ನು ನಿಲ್ಲಿಸಲೆಂದು ಅದಕ್ಕೆ ಕಾರಣವಾದ ಸಾಲುಗಳನ್ನು ತೆಗೆದರು. ಆದರೆ ಅಂಕಿಗಳನ್ನು ಒಳಗೆ ಸುರಿಯುತ್ತಿದ್ದುದೇ ಆ ಸಾಲುಗಳು! ಅವು ಹೋದ ಮೇಲೆ ಉಳಿದುದು, ಕಂಪ್ಯೂಟರಿನಲ್ಲಿ ನಡೆಯುವ ಪ್ರತಿಯೊಂದು ಕೆಲಸಕ್ಕೂ ಕೊಡುವ ಕ್ರಮಸಂಖ್ಯೆಯೊಂದೇ. ಅದರ ಮಿತಿ ಎರಡರ ಹದಿನೈದನೆಯ ಘಾತ, ಎಂದರೆ 32,768. ಒಂದು ಬಗೆಯ ಯಂತ್ರದಲ್ಲಿ, ಒಂದು ಅಳತೆಯ ಕೀಲಿಗೆ ಇದ್ದ ಸಾಧ್ಯತೆಗಳು ಇಷ್ಟು ಮಾತ್ರವಾದುವು. ಸೆಕೆಂಡಿಗೆ ಒಂದರಂತೆ ಪ್ರಯತ್ನಿಸಿದರೂ ಒಂಬತ್ತು ಗಂಟೆ ಆರು ನಿಮಿಷಗಳಲ್ಲಿ ಎಲ್ಲ ಕೀಲಿಗಳನ್ನೂ ತಿರುಗಿಸಿ ನೋಡಿ ಮುಗಿಸಬಹುದು. ಸಂಜೆ ಕುಳಿತವನು ಬೆಳಗಾಗುವುದರೊಳಗೆ ಬೀಗ ತೆಗೆದಾನು.

ಇದು ಬೆಳಕಿಗೆ ಬಂದುದು 2008ರ ಮೇ 13ರಂದು. ಸುಮಾರು ಇಪ್ಪತ್ತು ತಿಂಗಳು ಯಾರಿಗೂ ಸುಳಿವಿರಲಿಲ್ಲ. ತಂತ್ರಾಂಶವನ್ನು ಸರಿಪಡಿಸಿದುದರಿಂದಲೇ ಕೆಲಸ ಮುಗಿಯಲಿಲ್ಲ. ಆ ಅವಧಿಯಲ್ಲಿ ತಯಾರಾಗಿದ್ದ ಕೀಲಿಗಳನ್ನೆಲ್ಲ ಎಸೆದು ಹೊಸದಾಗಿ ಮಾಡಿಕೊಳ್ಳಬೇಕಾಯಿತು. ನ್ಯಾಯವಾಗಿ ಹೇಳುವುದಾದರೆ ಇದು ಹಳೆಯ ಆವೃತ್ತಿಗೆ ಕಳುಹಿಸಿದ ಅಪ್‌ಡೇಟ್ ಅಲ್ಲ, ಆಗ ಸಿದ್ಧವಾಗುತ್ತಿದ್ದ ಆವೃತ್ತಿಯಲ್ಲಿ ಮಾಡಿದ ಬದಲಾವಣೆ. ಆದರೆ ತಿದ್ದಿದವರಿಗೆ ಅದೂ ಒಂದು ಚಿಲ್ಲರೆ ದೋಷವಾಗಿಯೇ ಕಂಡಿದ್ದಿತು.

ಇಂತಹ ಪೆಟ್ಟುಗಳನ್ನು ತಿಂದವರು ನಿಯಮಗಳನ್ನು ಮಾಡಿಕೊಂಡಿರುವುದು ಸಹಜವೇ. ಡೆಬಿಯನ್ ಬಳಗದವರು ದೋಷಗಳನ್ನು ತೀವ್ರತೆಗೆ ಅನುಸಾರವಾಗಿ ಏಳು ದರ್ಜೆಗಳಾಗಿ ವಿಂಗಡಿಸುತ್ತಾರೆ. ಮೇಲಿನ ನಾಲ್ಕಕ್ಕೆ ಸೇರಿದುದಾದರೆ ಸ್ಥಿರ ಆವೃತ್ತಿಯಲ್ಲಿ ತಿದ್ದುವ ಮಾತು, ಕೆಳಗಿನ ಮೂರಾದರೆ ವಿಶೇಷ ಕಾರಣ ಕೊಡಬೇಕು. ಉಬುಂಟುವಿನಲ್ಲಿ ಅಪ್‌ಡೇಟ್ ಬೇಕೆನ್ನುವವರು ಮೂರು ವಿಷಯಗಳನ್ನು ಬರೆದುಕೊಡಬೇಕು: ದೋಷದಿಂದ ಯಾರಿಗೆ ಏನು ತೊಂದರೆ, ಅದು ಹೋಯಿತೆಂಬುದನ್ನು ಪರೀಕ್ಷಿಸುವುದು ಹೇಗೆ, ತಿದ್ದುವುದರಿಂದ ಬೇರೆಲ್ಲಿ ಕೆಡುಕಾದೀತು. ಈ ಮೂರನೆಯ ಪ್ರಶ್ನೆಯನ್ನು ನಾವು ಬಹಳವಾಗಿ ಮೆಚ್ಚುತ್ತೇವೆ. ನಮ್ಮ ಸಾರ್ವಜನಿಕ ಕಾಮಗಾರಿಗಳಿಗೂ ಇಂತಹುದೊಂದು ಕಲಮು ಇದ್ದಿದ್ದರೆ! ತಿದ್ದುಪಡಿ ಮೊದಲು ಹೊಸ ಆವೃತ್ತಿಯಲ್ಲಿ ಆಗಿರಬೇಕು; ಇಲ್ಲದಿದ್ದರೆ ಹಳೆಯದರಿಂದ ಹೊಸದಕ್ಕೆ ಏರಿದವನಿಗೆ ಹೋದ ದೋಷ ಮತ್ತೆ ಬಂದು ವಕ್ಕರಿಸುತ್ತದೆ. ಆಮೇಲೆ ಪ್ಯಾಕೇಜು ಪ್ರಾಯೋಗಿಕ ಕಟ್ಟೆಯ ಮೇಲೆ ಕಡಮೆಯೆಂದರೆ ಏಳು ದಿನ ಕೂತಿರಬೇಕು. ಯಾರಾದರೂ ಅದನ್ನು ನಿಜವಾಗಿ ಹಾಕಿ ನೋಡಿ ಸರಿಯಿದೆಯೆಂದು ಹೇಳಬೇಕು. ಅನಂತರವೂ ಅದನ್ನು ಏಕಕಾಲಕ್ಕೆ ಎಲ್ಲರಿಗೂ ಬಿಡುವುದಿಲ್ಲ. ಮೊದಲು ಸ್ವಲ್ಪ ಪಾಲು ಕಂಪ್ಯೂಟರುಗಳಿಗೆ, ಕೆಡುಕೇನೂ ಕಾಣದಿದ್ದರೆ ಉಳಿದವುಗಳಿಗೆ. ಎಲ್ಲರಿಗೂ ಒಮ್ಮೆಗೇ ಬಿಟ್ಟರೆ ಏನಾಗುತ್ತದೆಂಬುದನ್ನು 2024ರ ಜುಲೈ 19ರಂದು ಜಗತ್ತು ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯ ಒಂದು ದೋಷಯುಕ್ತ ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟ್‌ನ ಅಂದಾಜಿನಂತೆ 85 ಲಕ್ಷ ಕಂಪ್ಯೂಟರುಗಳು ಮಲಗಿದುವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಚೀಟಿ ಕೊಟ್ಟು ವಿಮಾನ ಹತ್ತಿಸಿದರು.

ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಪ್ಯಾಕೇಜಿನಲ್ಲಿ ಮೂವತ್ತು ಅಕ್ಷರ ತಿದ್ದಿದರೂ ಬಳಕೆದಾರನು ಸಾಮಾನ್ಯವಾಗಿ ಇಡೀ ಪ್ಯಾಕೇಜನ್ನು ಮತ್ತೆ ಇಳಿಸಿಕೊಳ್ಳಬೇಕು. ಉದಾಹರಣೆಗೆ ಪ್ಯಾಕೇಜಿನ ತೂಕ 40 ಮೆಗಾಬೈಟ್ ಎಂದಿಟ್ಟುಕೊಳ್ಳೋಣ. ತಿದ್ದುಪಡಿಯ ಹದಿಮೂರು ಲಕ್ಷ ಪಟ್ಟು ಭಾರವನ್ನು ಹೊತ್ತು ತರಬೇಕಾಯಿತು. ಪ್ರಯೋಗಶಾಲೆಯಲ್ಲಿ ಇಪ್ಪತ್ತು ಕಂಪ್ಯೂಟರುಗಳಿದ್ದರೆ 800 ಮೆಗಾಬೈಟ್. ಸೆಕೆಂಡಿಗೆ 2 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಇದಕ್ಕೆ 3,200 ಸೆಕೆಂಡು, ಅಂದರೆ ಐವತ್ತಮೂರು ನಿಮಿಷ ಹಿಡಿಯುತ್ತದೆ. ಒಂದು ಪೀರಿಯಡ್ಡೇ ಮುಗಿದುಹೋಯಿತು! ಜಗಳೂರಿನ ಕಡೆ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿರುವ ನಮ್ಮ ಸ್ನೇಹಿತರೊಬ್ಬರಿಗೆ ಈ ಪ್ರಸಂಗವನ್ನು ಹೇಳಿದಾಗ, "ನಿಮ್ಮ ಪಿಡಿಎಫ್ ಗೊಡವೆಯೇ ಬೇಡ ಮಾರಾಯರೆ, ಅಪ್‌ಡೇಟ್ ಬಂದ ದಿನ ನಮ್ಮಲ್ಲಿ ಬೇರೆ ಪಾಠವೇ ನಡೆಯುವುದಿಲ್ಲ" ಎಂದುಬಿಟ್ಟರು. ಹಳೆಯ ಆವೃತ್ತಿಯನ್ನು ಬಳಸುವ ಬಡ ಶಾಲೆಯ ಪರವಾಗಿ ಅಪ್‌ಡೇಟ್ ಕೇಳಲು ಹೊರಟಿದ್ದ ನಮಗೆ, ಅಪ್‌ಡೇಟ್ ಕೂಡ ಅದೇ ಶಾಲೆಯ ಮೇಲೆ ಬೀಳುವ ಹೊರೆಯೆಂಬುದು ಆಗಲೇ ಹೊಳೆದುದು.

ಇಷ್ಟೆಲ್ಲ ಒಪ್ಪಿದ ಮೇಲೂ ನಮ್ಮ ಆಕ್ಷೇಪಣೆ ಏನೆಂಬುದನ್ನು ಹೇಳುತ್ತೇವೆ.

ದೋಷ ಸಣ್ಣದೋ ದೊಡ್ಡದೋ ಎಂಬುದನ್ನು ಅಳೆಯುವ ಕೋಲು ಯಾರ ಕೈಯಲ್ಲಿದೆ? 'ಒಂದೇ ಆಜ್ಞೆಯಿಂದ ಪರಿಹಾರ ಸಾಧ್ಯ' ಎನ್ನುವವರಿಗೆ ಆ ಆಜ್ಞೆ ಗೊತ್ತಿದೆ, ಅದನ್ನು ಕೊಡುವ ಅಧಿಕಾರದ ಗುಪ್ತಪದ ಗೊತ್ತಿದೆ, ಜಾಲಸಂಪರ್ಕ ಕೈಯಳತೆಯಲ್ಲಿದೆ. ನಮ್ಮ ವಿದ್ಯಾರ್ಥಿಗೆ ಈ ಮೂರರಲ್ಲಿ ಒಂದೂ ಇರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ತಪ್ಪು ಕಂಪ್ಯೂಟರಿನದೆಂಬುದೇ ಅವನಿಗೆ ಗೊತ್ತಿರಲಿಲ್ಲ. ತಪ್ಪು ತನ್ನದೆಂದೇ ತಿಳಿದನು. ಭೌತಶಾಸ್ತ್ರದಲ್ಲಿ ನಾವು ಉಪಕರಣದ ದೋಷವನ್ನೂ ವೀಕ್ಷಕನ ದೋಷವನ್ನೂ ಬೇರೆಬೇರೆಯಾಗಿ ಎಣಿಸಬೇಕೆಂದು ಮೊದಲನೆಯ ವರ್ಷದಲ್ಲಿಯೇ ಕಲಿಸುತ್ತೇವೆ. ವರ್ನಿಯರ್ ಮಾಪಕದ ಸೊನ್ನೆ ಸರಿಯಾಗಿ ಕೂಡದಿದ್ದರೆ ಅದನ್ನು ಬರೆದಿಟ್ಟು ಲೆಕ್ಕದಲ್ಲಿ ಕಳೆಯುತ್ತೇವೆ. ಆದರೆ ಏನೂ ಹೇಳದೆ ಸುಮ್ಮನಾಗುವ ಗುಂಡಿಯ ದೋಷವನ್ನು ಕಳೆಯುವುದೆಂತು? ಮಾತಾಡದ ದೋಷವು ಮಾತಾಡುವ ದೋಷಕ್ಕಿಂತ ಒಂದು ದರ್ಜೆ ಮೇಲೆಂದು ಎಣಿಸಬೇಕೆಂಬುದು ನಮ್ಮ ಅಭಿಪ್ರಾಯ. ಅದೇ ಗುಂಡಿ 'ಇಂಥ ಪ್ಯಾಕೇಜು ಇಲ್ಲ' ಎಂದು ಒಂದು ಮಾತು ಹೇಳಿದ್ದರೆ, ನಾವು ಅಪ್‌ಡೇಟ್ ಕೇಳುತ್ತಲೇ ಇರಲಿಲ್ಲ.

'ಹೊಸ ಆವೃತ್ತಿಗೆ ಹೋಗಿ' ಎಂಬ ಸಲಹೆಯೂ ಎಲ್ಲರಿಗೂ ಸಲ್ಲುವುದಲ್ಲ. ಹಳೆಯ 32 ಬಿಟ್ ಯಂತ್ರಗಳನ್ನೇ ತೆಗೆದುಕೊಳ್ಳಿ. 2023ರ ಜೂನ್‌ನಲ್ಲಿ ಬಂದ ಡೆಬಿಯನ್‌ನ 12ನೆಯ ಆವೃತ್ತಿ ಅವುಗಳ ಮೇಲೆ ನಡೆಯುತ್ತಿತ್ತು. 2025ರ ಆಗಸ್ಟ್‌ನಲ್ಲಿ ಬಂದ 13ನೆಯದರಲ್ಲಿ ಅಂತಹ ಯಂತ್ರಗಳಿಗೆ ಸ್ಥಾಪಕವನ್ನೇ ಕೊಡಲಿಲ್ಲ. ನಿಲ್ಲಿಸಿದುದಕ್ಕೆ ಸಕಾರಣಗಳಿವೆ, ತಕರಾರಿಲ್ಲ. ಆದರೆ ದಾನವಾಗಿ ಬಂದ ಹಳೆಯ ಕಂಪ್ಯೂಟರುಗಳನ್ನಿಟ್ಟುಕೊಂಡ ಶಾಲೆಗೆ ಹಳೆಯ ಆವೃತ್ತಿಯೇ ಕೊನೆಯ ನಿಲ್ದಾಣ. ಬಸ್ಸು ಮುಂದೆ ಹೋಗುವುದಿಲ್ಲ. ಹಾಗಿರುವಾಗ ನಿಲ್ದಾಣದ ದೀಪವನ್ನಾದರೂ ಸರಿಯಾಗಿಡಬೇಡವೆ?

ತಿದ್ದದೆ ಬಿಟ್ಟ ಸಣ್ಣ ಕೊರತೆಗಳನ್ನು ಜನ ಹಾಗೆಯೇ ಇರಗೊಡುವುದಿಲ್ಲವೆಂಬುದು ಮತ್ತೊಂದು ಮುಖ್ಯ ವಿಷಯ. ತಾವೇ ಏನೋ ಒಂದು ಉಪಾಯ ಹೂಡುತ್ತಾರೆ. ಆ ಉಪಾಯದ ಬಾಲ ಬಹಳ ಉದ್ದ. ರೂಪಾಯಿಯ ಚಿಹ್ನೆಯ ಕಥೆ ಇದಕ್ಕೆ ಸಾಕ್ಷಿ. 2010ರ ಜುಲೈ 15ರಂದು ಭಾರತ ಸರ್ಕಾರ ಹೊಸ ಚಿಹ್ನೆಯನ್ನು ಅಂಗೀಕರಿಸಿತು. ಕೆಲವೇ ದಿನಗಳಲ್ಲಿ ಮಂಗಳೂರಿನ ಫೊರೇಡಿಯನ್ ಎಂಬ ಸಂಸ್ಥೆ ಆ ಚಿಹ್ನೆಯುಳ್ಳ ಅಕ್ಷರವಿನ್ಯಾಸವೊಂದನ್ನು ಉಚಿತವಾಗಿ ಹಂಚಿತು. ಚಿಹ್ನೆಗೆ ಇನ್ನೂ ತನ್ನದೇ ಆದ ಸಂಕೇತಸಂಖ್ಯೆ ಇಲ್ಲದಿದ್ದುದರಿಂದ, ಕೀಲಿಮಣೆಯಲ್ಲಿ ಒಂದರ ಅಂಕಿಯ ಎಡಕ್ಕಿರುವ ಓರೆಗೀಟಿನ ಜಾಗದಲ್ಲಿ ಅದನ್ನು ಕೂರಿಸಿದ್ದರು. ಆ ಹೊತ್ತಿಗೆ ಅದು ಜಾಣ ಉಪಾಯವೇ. ಅದೇ ವರ್ಷದ ಅಕ್ಟೋಬರಿನಲ್ಲಿ ಯೂನಿಕೋಡ್ ಚಿಹ್ನೆಗೆ ಸ್ವಂತ ಸ್ಥಾನವನ್ನು ಕೊಟ್ಟಿತು. 2011ರಲ್ಲಿ ಮೈಕ್ರೋಸಾಫ್ಟ್, ಆಗಲೇ ಜನರ ಕೈಯಲ್ಲಿದ್ದ ವಿಂಡೋಸ್ 7 ಮತ್ತು ವಿಸ್ಟಾಗಳಿಗೆ ಅಪ್‌ಡೇಟ್ ಮೂಲಕ ಅದನ್ನು ತಲಪಿಸಿತು. ಒಂದೇ ಒಂದು ಅಕ್ಷರ! ಕಾರ್ಯಕ್ರಮ ನಿಲ್ಲುತ್ತಿರಲಿಲ್ಲ, ಭದ್ರತೆಗೆ ಭಂಗವಿರಲಿಲ್ಲ. ಯಾವ ಕೋಲಿನಿಂದ ಅಳೆದರೂ ಚಿಲ್ಲರೆಯೇ. ಆದರೂ ಅದು ಹಳೆಯ ಆವೃತ್ತಿಗಳಿಗೆ ಯೋಗ್ಯವೆನಿಸಿತು, ಸರಿಯಾಗಿಯೇ ಎನಿಸಿತು. ಆ ನಡುವೆ ಓರೆಗೀಟಿನ ಉಪಾಯದಿಂದ ತಯಾರಾದ ಕಡತಗಳನ್ನು ಆ ಅಕ್ಷರವಿನ್ಯಾಸವಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ಮೊಬಲಗಿನ ಮುಂದೆ ರೂಪಾಯಿಯ ಬದಲು ಒಂಟಿ ಗೀಟೊಂದು ನಿಂತಿರುತ್ತದೆ. ಯೂನಿಕೋಡ್ ಬರುವುದಕ್ಕೆ ಮುಂಚೆ ಕನ್ನಡವನ್ನು ಇಂಥದೇ ಉಪಾಯಗಳಿಂದ ಬೆರಳಚ್ಚಿಸಿದ ಕಡತಗಳನ್ನು ತೆರೆದು ತಲೆ ಕೆರೆದುಕೊಂಡವರಿಗೆ ಹೆಚ್ಚು ವಿವರಿಸಬೇಕಾದುದಿಲ್ಲ.

ಕೆಲವು ವೇಳೆ ತಂತ್ರಾಂಶ ತಪ್ಪಿಲ್ಲದೆ ಇದ್ದು, ಲೋಕವೇ ಬದಲಾಗಿಬಿಡುತ್ತದೆ. ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದ ನ್ಯಾಮತಿಯನ್ನು 2017ರ ರಾಜ್ಯದ ಮುಂಗಡಪತ್ರದಲ್ಲಿ ಹೊಸ ತಾಲ್ಲೂಕೆಂದು ಘೋಷಿಸಿದರು. ವಿದ್ಯಾರ್ಥಿಗಳ ವಿವರ ತುಂಬುವ ಒಂದು ಹಳೆಯ ತಂತ್ರಾಂಶದಲ್ಲಿ ತಾಲ್ಲೂಕುಗಳ ಪಟ್ಟಿ ಅದಕ್ಕೂ ಹಿಂದಿನದು. ನ್ಯಾಮತಿಯ ಮಕ್ಕಳು 'ಹೊನ್ನಾಳಿ' ಎಂದೇ ಒತ್ತಬೇಕು. ಬರೆದಾಗ ಸರಿಯಾಗಿದ್ದುದು ಕಾಲಾಂತರದಲ್ಲಿ ತಪ್ಪಾಯಿತು. ಇಂತಹುದಕ್ಕೆ ವಿತರಣೆಗಳಲ್ಲಿ ಒಳ್ಳೆಯ ಮೇಲ್ಪಂಕ್ತಿಯುಂಟು. ಯಾವುದಾದರೂ ದೇಶ ತನ್ನ ಗಡಿಯಾರವನ್ನು ಮುಂದಕ್ಕೋ ಹಿಂದಕ್ಕೋ ತಿರುಗಿಸಲು ತೀರ್ಮಾನಿಸಿದರೆ, ಕಾಲವಲಯಗಳ ಕೋಷ್ಟಕವಿರುವ ಪ್ಯಾಕೇಜನ್ನು ಹಳೆಯ ಆವೃತ್ತಿಗಳಲ್ಲಿಯೂ ಹೊಸದಾಗಿಸುತ್ತಾರೆ. ಅಲ್ಲಿ ದೋಷದ ದರ್ಜೆಯ ಚರ್ಚೆಗೆ ಆಸ್ಪದವಿಲ್ಲ. ಊರಿನ ಹೆಸರಿಗೂ ಇದೇ ಮರ್ಯಾದೆ ಸಲ್ಲಬೇಕೆಂದು ನಾವು ವಾದಿಸುತ್ತೇವೆ.

ಹಾಗೆಂದು ಕಂಡ ಕಂಡ ದೋಷಕ್ಕೆಲ್ಲ ಅಪ್‌ಡೇಟ್ ಕೇಳುವುದು ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತಂದಂತಾದೀತು. ಅದೇ ಕಾರ್ಯಕ್ರಮದ ಕನ್ನಡ ಅನುವಾದದಲ್ಲಿ 'ಉಳಿಸು' ಎಂಬುದು 'ಉಲಿಸು' ಎಂದಾಗಿದೆ. ಇದನ್ನೂ ನಾವು ಕಂಡಿದ್ದೆವು. ಓದುವವನಿಗೆ ಅರ್ಥ ತಪ್ಪುವುದಿಲ್ಲ, ಕೆಲಸ ನಿಲ್ಲುವುದಿಲ್ಲ. ಇದಕ್ಕಾಗಿ ಇಪ್ಪತ್ತು ಕಂಪ್ಯೂಟರುಗಳ ಒಂದು ಪೀರಿಯಡ್ಡನ್ನು ಕಳೆಯುವುದು ನ್ಯಾಯವಲ್ಲವೆಂದು ಅದನ್ನು ಹೊಸ ಆವೃತ್ತಿಗೆ ಮಾತ್ರ ಬರೆದುಕಳುಹಿಸಿದೆವು. ಈ ವಿಷಯದಲ್ಲಿ ನಮ್ಮ ಕನ್ನಡ ಅಧ್ಯಾಪಕ ಮಿತ್ರರು ಇಂದಿಗೂ ನಮ್ಮೊಡನೆ ಮುನಿಸಿಕೊಂಡಿದ್ದಾರೆ. ಆದರೆ ಬೇರೆ ಕಾರಣಕ್ಕೆ ಕಟ್ಟನ್ನು ಬಿಚ್ಚುವುದೇ ಆದರೆ ಅದನ್ನೂ ತಿದ್ದಿಬಿಡಬಾರದೆ ಎಂದು ಅವರು ಕೇಳುವ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲ.

ಪಿಡಿಎಫ್‌ನ ವಿಷಯದಲ್ಲಿ ಮಾತ್ರ ನಾವು ಮತ್ತೊಮ್ಮೆ ಬರೆದೆವು. ಈ ಸಲ ಕೋಪವನ್ನು ಬದಿಗಿಟ್ಟು, ಅವರ ಮೂರು ಪ್ರಶ್ನೆಗಳಿಗೆ ಕ್ರಮವಾಗಿ ಉತ್ತರಿಸಿದೆವು. ಗುಂಡಿ ಮೌನವಾಗಿರುವುದನ್ನೂ, ಆಜ್ಞೆ ಕೊಡುವ ಅಧಿಕಾರ ವಿದ್ಯಾರ್ಥಿಗಳಿಗೆ ಇಲ್ಲದಿರುವುದನ್ನೂ ವಿವರಿಸಿದೆವು; ಹೊಸದಾಗಿ ಎಳೆದುತರಬೇಕಾದ ಪ್ಯಾಕೇಜಿನ ಗಾತ್ರವನ್ನೂ ಮುಚ್ಚಿಡದೆ ತಿಳಿಸಿದೆವು. ಪರೀಕ್ಷೆಯನ್ನು ನಮ್ಮ ವಿದ್ಯಾರ್ಥಿಗಳೇ ಮಾಡುವರೆಂದೂ ಸೇರಿಸಿದೆವು. ಈ ಕೊನೆಯ ಮಾತೇ ಫಲ ಕೊಟ್ಟಿತೆಂದು ತೋರುತ್ತದೆ. ಕೇಳುವವರು ನೂರು ಮಂದಿ ಇದ್ದು ಹಾಕಿ ನೋಡುವವರು ಒಬ್ಬರೂ ಇಲ್ಲದೆ, ತಿದ್ದಿದ ಪ್ಯಾಕೇಜುಗಳು ಪ್ರಾಯೋಗಿಕ ಕಟ್ಟೆಯ ಮೇಲೆಯೇ ಕೂತು ಕೊನೆಗೆ ತೆಗೆದುಹಾಕಲ್ಪಡುವುದುಂಟು. ಇದರಲ್ಲಿ ತಪ್ಪು ನಮ್ಮಂತಹವರದು, ಕಟ್ಟುವವರದಲ್ಲ. ಅವರಲ್ಲಿ ಅನೇಕರು ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು.

ತಿದ್ದಿದ ಪ್ಯಾಕೇಜು ಬಂದಾಗ ಜಗಳೂರಿನ ಆ ಹುಡುಗನೂ ನ್ಯಾಮತಿಯಿಂದ ದಿನವೂ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿಯೊಬ್ಬಳೂ ಪರೀಕ್ಷೆಗೆ ಕುಳಿತರು. ಮೊದಲು ಹಳೆಯದರಲ್ಲಿ ದೋಷವನ್ನು ಬೇಕೆಂದೇ ಮರಳಿ ತೋರಿಸಿ ಬರೆದಿಟ್ಟರು. ದೋಷವೇ ಕಾಣದಿದ್ದರೆ ಅದು ಹೋಯಿತೆಂದು ಹೇಳುವುದಾದರೂ ಹೇಗೆ? ಆಮೇಲೆ ಹೊಸದನ್ನು ಹಾಕಿದರು. ಪಿಡಿಎಫ್ ಬಂದಿತು. ಹುಡುಗ ಕುರ್ಚಿಯಿಂದ ಎದ್ದೇಬಿಟ್ಟನು. ಹುಡುಗಿ ಏಳಲಿಲ್ಲ, ಪಟ್ಟಿಯಲ್ಲಿದ್ದ ಉಳಿದ ಬಾಬುಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಕಾರ್ಯಕ್ರಮಗಳ ಪಟ್ಟಿಯಲ್ಲಿ ಇದರ ಹೆಸರಿನ ಮುಂದೆ ಇರುತ್ತಿದ್ದ ಪುಟ್ಟ ಚಿತ್ರ ಮಾಯವಾಗಿರುವುದು ಅವಳ ಕಣ್ಣಿಗೆ ಬಿದ್ದಿತು. ಮತ್ತೆ ಕಟ್ಟುವಾಗ ಚಿತ್ರದ ಕಡತ ಬಿಟ್ಟುಹೋಗಿದ್ದಿತು. ಮೊಳೆ ಉದುರಿದ್ದಿತು!

ಅವಳು ವರದಿ ಬರೆದಳು. ಇಂಗ್ಲಿಷನ್ನು ಸ್ವಲ್ಪ ತಿದ್ದಿದುದಷ್ಟೇ ನಮ್ಮ ಪಾಲು. ಆ ಪ್ಯಾಕೇಜನ್ನು ಹಿಂತೆಗೆದುಕೊಂಡು, ಚಿತ್ರವನ್ನು ಸೇರಿಸಿ ಇನ್ನೊಂದನ್ನು ಕಟ್ಟಿ ಕಳುಹಿಸಿದರು. ಅದಕ್ಕೂ ಒಂದು ವಾರದ ಕಾಯುವಿಕೆಯ ನಿಯಮವುಂಟು. ನಾವು ಇದನ್ನು ಬರೆಯುತ್ತಿರುವಾಗ ಆರನೆಯ ದಿನ ನಡೆಯುತ್ತಿದೆ; ಇಬ್ಬರೂ ಪಟ್ಟಿ ಹಿಡಿದು ಮತ್ತೆ ಮೊದಲಿನಿಂದ ಕುಳಿತಿದ್ದಾರೆ.